ಗ್ರಂಥಪ್ಪ ಓದಿದ ಹದಿನಾಲ್ಕು ಪುಸ್ತಕಗಳು

ವಿಮಾ ಕಚೇರಿಯಲ್ಲಿ ಅವರನ್ನು ಎಲ್ಲರೂ ಗ್ರಂಥಪ್ಪ ಎಂದೇ ಕರೆಯುತ್ತಿದ್ದರು. ಇಪ್ಪತ್ತೆರಡು ವರ್ಷಗಳಿಂದ ಅವರ ಕಂಕುಳಲ್ಲಿ ಒಂದಲ್ಲ ಒಂದು ದಪ್ಪ ಪುಸ್ತಕ ಇದ್ದೇ ಇತ್ತು, ಹೆಸರು ಹೊರಕ್ಕೆ ಕಾಣುವಂತೆ. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲೆ ತೆರೆದಿಟ್ಟು, ಹುಬ್ಬು ಗಂಟಿಕ್ಕಿ, ಮೂರನೇ ನಿಲ್ದಾಣದ ಹೊತ್ತಿಗೆ ಕಣ್ಣು ಮುಚ್ಚುತ್ತಿದ್ದರು. ನೋಡಿದವರು ಚಿಂತನೆ ಎಂದುಕೊಳ್ಳುತ್ತಿದ್ದರು. ಪುಸ್ತಕ ಹೇಗಿದೆ ಎಂದು ಯಾರಾದರೂ ಕೇಳಿದರೆ, ಒಂದು ಮಾತಲ್ಲಿ ಹೇಳುವಂಥದ್ದಲ್ಲ ಎಂದು ಒಂದೇ ಮಾತಲ್ಲಿ ಮುಗಿಸುತ್ತಿದ್ದರು.

ಅವರ ಹೆಂಡತಿ ಮನೆಯ ಮುಂದಿನ ಕೋಣೆಯಲ್ಲಿ ಬಟ್ಟೆ ಹೊಲಿಯುತ್ತಿದ್ದಳು. ಕೈಯಲ್ಲಿ ಮೆಷಿನ್ ಎಣ್ಣೆ ಇರುತ್ತದೆಂದು ಆಕೆ ಪುಸ್ತಕ ಮುಟ್ಟುವ ಹಾಗಿರಲಿಲ್ಲ. ಕಪಾಟಿನ ದೂಳು ಒರೆಸುವುದಕ್ಕೆ ಮಾತ್ರ ಪೂರ್ತಿ ಸ್ವಾತಂತ್ರ್ಯವಿತ್ತು.

ಪುಸ್ತಕ ಹೊತ್ತೂ ಹೊತ್ತೂ ಗ್ರಂಥಪ್ಪನವರ ಭುಜ ಹಿಡಿದುಕೊಂಡಿತು. ಇನ್ನು ಭಾರ ಹೊರಬೇಡಿ ಎಂದರು ಡಾಕ್ಟರು. ಮಗಳು ಇ-ರೀಡರ್ ತಂದು, ಕಪಾಟಿನಲ್ಲಿದ್ದ ಪುಸ್ತಕಗಳನ್ನೆಲ್ಲ ಹುಡುಕಿ ಹುಡುಕಿ ಅದಕ್ಕೆ ಇಳಿಸಿಕೊಟ್ಟಳು. ಅಪ್ಪನ ಸಂಕಟ ಅವಳಿಗೆ ಹೇಗೆ ತಿಳಿಯಬೇಕು? ಯಾವ ಪುಸ್ತಕ ತೆರೆದರೂ ಹೊರಗಿನಿಂದ ಅದೇ ಬೂದು ಬೆನ್ನು. ಬಸ್ಸಿನಲ್ಲಿ ಪಕ್ಕದವರು, ಕರೆಂಟ್ ಮೀಟರ್ ನೋಡುವ ಕೆಲಸವೇ ಎಂದು ವಿಚಾರಿಸಿದ ದಿನ ಗ್ರಂಥಪ್ಪನವರು ಅದನ್ನು ಹೊಲಿಗೆ ಮೇಜಿನ ಮೇಲೆ ಬಿಸಾಕಿದರು. ಕಾಗದದ ವಾಸನೆ ಇಲ್ಲದ ಮೇಲೆ ಅದೆಂಥಾ ಓದು ಎಂದು ಕಚೇರಿಯಲ್ಲಿ ವಾರವಿಡೀ ಭಾಷಣ ಬಿಗಿದರು. ಮೂಗಿನಿಂದಲೇ ಓದುವವರಿಗೆ ಅದು ನಿಜವಾದ ಕಷ್ಟವೇ.

ನಾಲ್ಕು ತಿಂಗಳಾದ ಮೇಲೆ ಹೊಸ ಮ್ಯಾನೇಜರ್ ತಮ್ಮ ಕೋಟಿನ ತೋಳು ಗಿಡ್ಡ ಮಾಡಿಸಲು ಮನೆಗೆ ಬಂದರು. ಓದುವ ಹೆಂಗಸು. ನೂಲಿನ ಡಬ್ಬಕ್ಕೆ ಒರಗಿಸಿಟ್ಟಿದ್ದ ಇ-ರೀಡರ್ ಕಂಡು, ನೋಡಬಹುದೇ ಎಂದು ಕೇಳಿ ಕೈಗೆತ್ತಿಕೊಂಡರು. ಯಾವ ಪುಸ್ತಕ ಎಷ್ಟು ಓದಿ ಆಗಿದೆ ಎಂಬುದನ್ನು ಆ ಯಂತ್ರವೇ ಬರೆದಿಡುತ್ತದೆ. ಹದಿನಾಲ್ಕು ಪುಸ್ತಕಗಳ ಕೆಳಗೆ ಶೇಕಡಾ ನೂರು ಎಂದಿತ್ತು.

ಅದು ಬಂದು ನಾಲ್ಕು ತಿಂಗಳಷ್ಟೇ ಎಂದು ತಿಳಿದು, ಅಷ್ಟರಲ್ಲಿ ಹದಿನಾಲ್ಕಾ ಎಂದು ಅವರು ಬೆರಗಾದರು. ಗ್ರಂಥಪ್ಪನವರೂ ಬೆರಗಾದರು. ಆದರೆ ಸುಧಾರಿಸಿಕೊಂಡು, ಬಿಡುವು ಸಿಗುವುದೇ ಕಮ್ಮಿ, ಇಲ್ಲದಿದ್ದರೆ ಇನ್ನೂ ಆಗುತ್ತಿತ್ತು ಎಂದು ತಲೆ ತಗ್ಗಿಸಿದರು. ಮ್ಯಾನೇಜರ್ ಆ ಹದಿನಾಲ್ಕರಲ್ಲಿದ್ದ ಒಂದು ದಪ್ಪ ಕಾದಂಬರಿಯ ಹೆಸರೆತ್ತಿ, ಅದರಲ್ಲಿ ಅಕ್ಕನ ಕಥೆ ಮುಗಿಯುವ ರೀತಿ ಸರಿ ಅನ್ನಿಸಿತೇ ಎಂದು ಕೇಳಿದರು.

"ಕೊನೆಗೆ ಮನೆಗೆ ವಾಪಸ್ ಬಂದಳಲ್ಲ, ಅದೇ ದೊಡ್ಡತನ," ಎಂದರು ಗ್ರಂಥಪ್ಪ.

ತೋಳಿನ ಅಳತೆ ಹಿಡಿಯುತ್ತಿದ್ದ ಹೆಂಡತಿ ಬಾಯಲ್ಲಿ ಕಚ್ಚಿಕೊಂಡಿದ್ದ ಗುಂಡುಸೂಜಿಗಳನ್ನು ತೆಗೆದಳು.

"ಅವಳು ಬರೋದೇ ಇಲ್ಲ ಕಣ್ರೀ. ಬಾಗಿಲ ತನಕ ಬಂದು, ಒಳಗಿನ ನಗು ಕೇಳಿ ತಿರುಗಿ ಹೋಗ್ತಾಳೆ."

ಮ್ಯಾನೇಜರ್ ಕುರ್ಚಿಯನ್ನು ಆಕೆಯ ಕಡೆಗೆ ತಿರುಗಿಸಿಕೊಂಡರು. ಮುಂದಿನ ಒಂದು ಗಂಟೆ ಆ ಅಕ್ಕ ಮಾಡಿದ್ದು ಸರಿಯೋ ತಪ್ಪೋ ಎಂದು ಇಬ್ಬರೂ ಜಗ್ಗಾಡಿದರು. ಗ್ರಂಥಪ್ಪನವರು ಚಹಾ ಮಾಡಿದರು. ಅದೂ ಎರಡು ಸಲ, ಮೊದಲನೆಯದರಲ್ಲಿ ಸಕ್ಕರೆ ಮರೆತಿದ್ದರಿಂದ.

ಮ್ಯಾನೇಜರ್ ಹೋದ ಕೂಡಲೇ, ಹೊರಗಿನವರ ಮುಂದೆ ನನ್ನ ಮಾನ ತೆಗೆದೆ ಎಂದು ಅವರು ಹಾರಾಡಿದರು. ಆಕೆ ಕೋಟಿನ ತೋಳು ಬಿಚ್ಚುತ್ತ ಪೂರ್ತಿ ಕೇಳಿಸಿಕೊಂಡಳು.

"ನೀವು ಓದಿದ್ದೀರಿ ಅಂತ ನಾನೂ ನಂಬಿದ್ದೆ. ನಾನೂ ಎಲ್ಲಾ ಓದಿ ಮುಗಿಸಿದ್ರೆ ನಿಮ್ಮ ಜೊತೆ ಮಾತಾಡಬಹುದು ಅಂದ್ಕೊಂಡಿದ್ದೆ."

ಗ್ರಂಥಪ್ಪನವರು ಹೋಗಿ ಚಹಾದ ಲೋಟಗಳನ್ನು ತೊಳೆದಿಟ್ಟರು.

ಭಾನುವಾರ ಅವರು ಕಪಾಟಿನಿಂದ ಆ ಕಾದಂಬರಿ ತೆಗೆದು, ಅಂಟಿಕೊಂಡಿದ್ದ ಹಾಳೆಗಳನ್ನು ಬಿಡಿಸಿಕೊಂಡು, ಹೊಲಿಗೆ ಮೆಷಿನ್ನಿನ ಪಕ್ಕ ಬಂದು ಕೂತರು. ಎರಡು ಸಲ ತೂಕಡಿಸಿದರು, ಎರಡು ಸಲವೂ ತಾವೇ ಎದ್ದರು. ಮಧ್ಯಾಹ್ನದ ಹೊತ್ತಿಗೆ ತಮ್ಮಷ್ಟಕ್ಕೇ ಎಂಬಂತೆ ಕೇಳಿದರು:

"ಈ ತಮ್ಮ ಯಾಕೆ ಪತ್ರ ಸುಟ್ಟ?"

ಆಕೆ ಮೆಷಿನ್ ನಿಲ್ಲಿಸಿದಳು. ಎಷ್ಟನೇ ಪುಟ ಎಂದು ಕೇಳಿದಳು. ಮೂವತ್ತೊಂದು ಎಂದರು.

"ಓದಿ, ಗೊತ್ತಾಗುತ್ತೆ," ಎಂದು ಆಕೆ ಮತ್ತೆ ಹೊಲಿಯತೊಡಗಿದಳು.