ಮಂಕ ತಂದ ಮರದ ಮೊಟ್ಟೆ

ಮಧ್ಯಾಹ್ನದ ಊಟವಾದ ಮೇಲೆ ದರ್ಜಿ ಅಂಗಡಿಯ ಬಾಗಿಲನ್ನು ಅರ್ಧ ಮುಚ್ಚುತ್ತಿದ್ದ. ಹೊಲಿಗೆಯಂತ್ರ ಸುಮ್ಮನಾದರೂ ಬಟ್ಟೆಯ ಧೂಳು ಬಿಸಿಲುಕೋಲಿನಲ್ಲಿ ತೇಲುತ್ತಲೇ ಇರುತ್ತಿತ್ತು. ಕಿಟಕಿಯ ಬಳಿ ಅವನ ಅಕ್ಕ ಕೂತಿರುತ್ತಿದ್ದಳು. ಪಾರ್ಶ್ವವಾಯು ಬಡಿದ ಮೇಲೆ ಅವಳ ಪದಗಳೆಲ್ಲ ಅದಲುಬದಲಾಗಿದ್ದವು. ನೀರು ಬೇಕಾದರೆ "ದೀಪ" ಅನ್ನುವಳು. "ದೀಪ ಅಲ್ಲಕ್ಕಾ, ನೀರು" ಎಂದು ತಮ್ಮ ತಿದ್ದುವನು. ತಿದ್ದಿಸಿಕೊಂಡು ತಿದ್ದಿಸಿಕೊಂಡು ಸಾಕಾಗಿ ಅವಳು ಬಾಯಿಗೆ ಬೀಗ ಹಾಕಿಕೊಂಡಿದ್ದಳು.

ಅವಳ ಬೇಸರ ಕಳೆಯಲೆಂದು ಅವನು ತಾನು ಸಾಕಿದ ನಾಯಿಗೆ ಆಟ ಕಲಿಸತೊಡಗಿದ. ಚೆಂಡೆಸೆದರೆ ಅದು ಓಡಿಹೋಗಿ ಚೆಂಡಿನ ಮೇಲೆ ಗದ್ದವಿಟ್ಟು ಮಲಗಿಬಿಡುತ್ತಿತ್ತು. ಎಸೆದವನೇ ಹೋಗಿ ತರಬೇಕು!

"ಯಾರು ಯಾರಿಗೆ ಕಲಿಸ್ತಿದಾರೋ" ಎಂದು ಎದುರಂಗಡಿಯ ಕ್ಷೌರಿಕ ನಕ್ಕ. ನಾಯಿಗೆ ಮಂಕ ಎಂದು ಹೆಸರಿಟ್ಟವನೂ ಅವನೇ.

ದರ್ಜಿ ಇನ್ನೊಂದು ಚೆಂಡು ತಂದ. ಅದನ್ನು ತೋರಿಸಿದಾಗ ಮಂಕ ಮೊದಲನೆಯದನ್ನು ಕಚ್ಚಿಕೊಂಡು ಬಂತು. ಕೊಟ್ಟರೆ ಆಟ ಮುಗಿಯುವುದಿಲ್ಲ ಎಂಬುದು ತಲೆಗೆ ಹೋದ ಮೇಲೆ ಅದನ್ನು ಹಿಡಿಯುವವರಿರಲಿಲ್ಲ. ಚೆಂಡು, ಕಾಲುಚೀಲ, ರೀಲು, ಗೊಂಬೆ, ಹೀಗೆ ಎರಡೇ ತಿಂಗಳಲ್ಲಿ ಒಂಬತ್ತು ಹೆಸರು ಕಲಿತು, ಕೇಳಿದ್ದನ್ನು ಒಳಕೋಣೆಯಿಂದ ಹೆಕ್ಕಿ ತರತೊಡಗಿತು.

ಒಂದು ದಿನ ಆ ಆಟದ ಸಾಮಾನುಗಳ ನಡುವೆ ಮರದ ಮೊಟ್ಟೆಯೊಂದು ಸೇರಿಕೊಂಡಿತ್ತು. ತೂತುಬಿದ್ದ ಕಾಲುಚೀಲ ಹೊಲಿಯುವಾಗ ಬಟ್ಟೆ ಬಿಗಿಯಾಗಿ ನಿಲ್ಲಲೆಂದು ಒಳಗಿಟ್ಟುಕೊಳ್ಳುವಂಥದ್ದು. ದರ್ಜಿ ಮೇಜಿಗೆ ತಲೆಯಾನಿಸಿ ತೂಕಡಿಸುತ್ತಿದ್ದ. ಅಕ್ಕ ಬಾಗಿಲಿನಾಚೆಗೆ ನೋಡುತ್ತ ಮೆಲ್ಲಗೆ, "ಗುಬ್ಬಿ" ಅಂದಳು.

ಮಂಕ ಕಿವಿ ನಿಮಿರಿಸಿತು. ಆ ಪದವನ್ನು ಅದು ಎಂದೂ ಕೇಳಿರಲಿಲ್ಲ. ಒಳಗೆ ಹೋಗಿ ಚೆಂಡನ್ನು ಮೂಸಿತು, ಬಿಟ್ಟಿತು. ಗೊಂಬೆಯನ್ನೂ ಬಿಟ್ಟಿತು. ಹೆಸರು ಗೊತ್ತಿದ್ದ ಒಂದೊಂದನ್ನೂ ದಾಟಿ, ಹೆಸರು ಗೊತ್ತಿಲ್ಲದ ಆ ಒಂದರ ಮುಂದೆ ಗಳಿಗೆ ಹೊತ್ತು ನಿಂತಿತು. ಆಮೇಲೆ ಮೊಟ್ಟೆಯನ್ನು ಕಚ್ಚಿ ತಂದು ಅವಳ ಮಡಿಲಲ್ಲಿಟ್ಟಿತು.

ದರ್ಜಿ ಅರೆಗಣ್ಣಿನಲ್ಲಿ ಎಲ್ಲವನ್ನೂ ನೋಡಿದ್ದ. ಕನಸೋ ನಿಜವೋ ತಿಳಿಯಲಿಲ್ಲ. "ಗುಬ್ಬಿ ಅಲ್ಲಕ್ಕಾ" ಎಂಬುದು ನಾಲಿಗೆಯ ತುದಿಗೆ ಬಂತು, ನುಂಗಿಕೊಂಡ.

ಅಕ್ಕ ನಾಯಿಯ ತಲೆ ಸವರುತ್ತ ಮಾತಿಗೆ ತೊಡಗಿದಳು. ಏಣಿ, ಮೋಡ, ಬೆಲ್ಲ... ಯಾವ ಪದಕ್ಕೆ ಯಾವ ಅರ್ಥವೋ. ಮಂಕ ಕತ್ತು ವಾಲಿಸಿ ಅವಳ ಮುಖವನ್ನೇ ನೋಡುತ್ತಿತ್ತು. ಬಿಸಿಲು ಗೋಡೆಯೇರುವವರೆಗೂ ಅವಳು ನಿಲ್ಲಿಸಲಿಲ್ಲ.

ದರ್ಜಿ ತನ್ನ ಸ್ಟೂಲನ್ನು ಅವಳ ಹತ್ತಿರಕ್ಕೆ ಎಳೆದುಕೊಂಡ.

"ಚಮಚ" ಎಂದಳು ಅವನತ್ತ ತಿರುಗಿ.

ಅವನು ತಿದ್ದಲಿಲ್ಲ. ಅವಳ ಕಣ್ಣು ಹೋದ ಕಡೆ ನೋಡಿದ. ಬೀದಿ. ಅವಳ ಕಾಲು ನೆಲದ ಮೇಲೆ ಚಪ್ಪಲಿಗಾಗಿ ತಡಕುತ್ತಿತ್ತು.

"ಹೊರಗೆ ಹೋಗೋಣ್ವಾ?"

ಅಕ್ಕ ಹೂಂಗುಟ್ಟಿ ಕೈ ಚಾಚಿದಳು.