ತೂಬಿಲ್ಲದ ಕೊಳ

"ಯಾವಳೇ ನೀರು ಮುಟ್ಟಿದ್ದು? ಬೊಗಳ್ರೇ, ಮುಂಡೇರಾ!"

ಧಣಿ ಜಯರಾಮಯ್ಯನವರ ಕೂಗಿಗೆ ಮಾವಿನ ಮರದ ಗಿಳಿಗಳು ಹಾರಿದವು. ಹಟ್ಟಿಯ ಚಿಕ್ಕಹನುಮಕ್ಕ ಮಾತ್ರ ಪೊರಕೆ ಹಿಡಿದು ಅಲುಗದೆ ನಿಂತಳು. ಮಧುಗಿರಿ ಸೀಮೆಗೇ ಮೊದಲನೆಯದೆಂದು ಧಣಿಗಳು ತೋಟದಲ್ಲಿ ಕಟ್ಟಿಸಿದ ಈಜುಕೊಳ ಅದು. ಕಲ್ಲು ಹೊತ್ತವರು, ಗಾರೆ ಮೆತ್ತಿದವರು, ಉಜ್ಜಿದವರು ಎಲ್ಲರೂ ಹಟ್ಟಿಯವರೇ, ಒಣಕಲ್ಲಿಗೆ ಮೈಲಿಗೆಯಿಲ್ಲ. ನೀರು ಬಿದ್ದ ಗಳಿಗೆಯಿಂದ ಅವರು ದೂರ ನಿಲ್ಲಬೇಕು.

ಬಾವಿಯಿಂದ ಕನ್ನಡಿಯಂತೆ ಬಂದ ನೀರು, ಬೆಂಗಳೂರಿನಿಂದ ತರಿಸಿದ ಬ್ಲೀಚಿಂಗ್ ಪೌಡರ್ ಸುರಿದದ್ದೇ ತಡ, ಚಹಾದಂತೆ ಕೆಂಪಾಗಿತ್ತು. ಇನ್ನೊಂದು ಡಬ್ಬ ಸುರಿಸಿದರು. ಇನ್ನಷ್ಟು ಕೆಂಪಾಯಿತು.

"ಖುದಾ ಆಣೆ, ಅದು ಪೌಡರ್ ಆಟ ಸ್ವಾಮಿ," ಎಂದ ಪಂಪು ನಡೆಸುವ ನಬೀ ಸಾಬ್. "ಬಾವಿ ನೀರ್ನಾಗೆ ಕಬ್ಬಿಣ ಕರಗೈತೆ, ಈಗ ತುಕ್ಕಾಗಿ ಕಾಣ್ತೈತೆ. ಲೋಟಕ್ಕಾಕಿ ನೋಡ್ಕಳಿ."

ಧಣಿಗಳು ತಮ್ಮ ಬೆಳ್ಳಿ ಲೋಟಕ್ಕೆ ತಾವೇ ಬಾವಿ ನೀರು ಹಿಡಿದು, ತಾವೇ ಚಿಟಿಕೆ ಪೌಡರ್ ಹಾಕಿದರು. ಲೋಟವೂ ಕೆಂಪಾಯಿತು.

"ಇವಳ ನೆಳ್ಳು ಬಿತ್ತು ಕಣೋ ಲೋಟಕ್ಕೆ!" ಧಣಿಗಳು ಚಿಕ್ಕಹನುಮಕ್ಕನತ್ತ ಬೆರಳು ಚಾಚಿದರು.

ಅಲ್ಲೇ ತೀರ್ಪಾಯಿತು. ಬಾವಿಯಿಂದ ಹಟ್ಟಿಗೆ ಹೋಗುವ ಕಾಲುವೆಗೆ ಮಣ್ಣು ಬಿತ್ತು. ಹಟ್ಟಿಗೆ ಕುಡಿಯಲು ಬೇರೆ ನೀರಿರಲಿಲ್ಲ.

ಸಂಜೆಗೆ ಅಮಲ್ದಾರರು ಈಜಲು ಬರುವವರಿದ್ದರು. ಕೊಳ ಬರಿದಾಗಬೇಕು, ಆದರೆ ಅದಕ್ಕೆ ತೂಬೇ ಇಲ್ಲ. ತಾವು ಮಿಂದ ನೀರು ತಗ್ಗಿನ ಹಟ್ಟಿಯ ಪಾಲಾದೀತೆಂದು ಧಣಿಗಳೇ ತೂಬು ಬೇಡವೆಂದಿದ್ದರು. ಪಂಪು ಬಾವಿಯೊಳಗೆ ಬಿಗಿದದ್ದು, ಕಿತ್ತು ತರುವಷ್ಟು ಹೊತ್ತಿಲ್ಲ. ಇನ್ನು ಇಳಿದು ಮೊಗೆಯುವುದೊಂದೇ ದಾರಿ.

"ಇಳೀರೇ, ಮೊಗೀರಿ! ಹೆಂಗೂ ಮೈಲ್ಗೆ ಆಗೋಗೈತೆ."

ಚಿಕ್ಕಹನುಮಕ್ಕ ಸೆರಗು ಸಿಕ್ಕಿಸಿ ಇಳಿದಳು. ಹಿಂದೆಯೇ ಇಂದ್ರಮ್ಮ, ಗಂಗಯ್ಯ, ಹಟ್ಟಿಯ ಅರ್ಧ ಜನ. ನೀರು ಎದೆಮಟ್ಟ, ತಣ್ಣಗಿತ್ತು. ಹಳ್ಳದಲ್ಲಿ ಕಲಿತ ಈಜು ಕಾಲಿಗೆ ನೆನಪಾಯಿತು. ಬಿಂದಿಗೆಯನ್ನು ತೇಲಿಬಿಟ್ಟು ಅಂಗಾತ ಮಲಗಿದಳು.

"ಅಯ್ಯೋ ಹನುಮಕ್ಕ, ಎಮ್ಮೆ ಬಿದ್ದಂಗೈತಲ್ಲೇ!" ಎಂದು ಇಂದ್ರಮ್ಮ ನಕ್ಕಳು.

"ನೀನೂ ಬೀಳೇ. ಕೆಟ್ಟಿರೋ ನೀರು ಇನ್ನೇನು ಕೆಟ್ಟಾತು?"

"ಮೊಗೀರೇ, ಬೋಸುಡೇರಾ!" ದಡದಲ್ಲಿ ಧಣಿಗಳು ಕುಣಿದರು.

"ಮೊಗೀತೀವಿ ಬುಡಿ ಸ್ವಾಮಿ," ಎಂದಳು ಚಿಕ್ಕಹನುಮಕ್ಕ, ಮಲಗಿದಲ್ಲಿಂದಲೇ. "ಮೊದ್ಲು ನೀವೇ ಕೈಯಾರ ಕಾಲ್ವೆ ಮಣ್ಣು ತೆಗೀರಿ. ಅಲ್ಲೀಗಂಟ ನಾವು ಮೇಲಕ್ಕೆ ಬರಾಕಿಲ್ಲ."

"ಎಳ್ದಾಕ್ರೋ ಇವಳ್ನ!"

ಮನೆಯ ಆಳುಗಳು ಒಬ್ಬರ ಮುಖ ಒಬ್ಬರು ನೋಡಿದರು. ಎಳೆಯಬೇಕಾದರೆ ಆ ನೀರಿಗಿಳಿಯಬೇಕು, ಅವಳನ್ನು ಮುಟ್ಟಬೇಕು. ಒಬ್ಬನೂ ಮುಂದಡಿಯಿಡಲಿಲ್ಲ.

ತೋಟದ ಗೇಟಿನಲ್ಲಿ ಜೀಪಿನ ಹಾರನ್ನು ಕೇಳಿತು.

"ಬಂದ್ರು ಕಣ್ರೇ, ಅತ್ಲಾಗೆ ಸರೀರಿ," ಚಿಕ್ಕಹನುಮಕ್ಕ ಬಾಯ್ತುಂಬ ಕೆಂಪು ನೀರನ್ನು ಕಾರಂಜಿಯಂತೆ ಮೇಲಕ್ಕೆ ಉಗಿದಳು. "ಅಮಲ್ದಾರ್ರಿಗೂ ವಸಿ ಜಾಗ ಬುಡಿ!"

ಕೊಳದ ತುಂಬ ನಗು ಎದ್ದಿತು. ಜಯರಾಮಯ್ಯನವರು ಗೇಟಿನತ್ತ ನೋಡಿದರು, ಕೊಳದತ್ತ ನೋಡಿದರು. ಆಮೇಲೆ ಪಂಚೆ ಎತ್ತಿಕಟ್ಟಿ, ಹುಟ್ಟಿದಾರಭ್ಯ ಮುಟ್ಟದ ಗುದ್ದಲಿಯತ್ತ ಕೈಚಾಚಿದರು.