ಊಟದ ಮೇಜಿನ ಡಾಕ್ಟರು

ಅಳಿಯ ಕಳಿಸಿದ ಮೇಲ್ದರ್ಜೆಯ ಟಿಕೆಟ್ಟಿನಲ್ಲಿ ಹಡಗು ಹತ್ತಿದ ದರ್ಜಿ, ಮೊದಲ ದಿನವೇ ಒಂದು ಸುಳ್ಳು ಹೇಳಿಬಿಟ್ಟ. ಊಟದ ಮೇಜಿನ ಸುತ್ತ ವಕೀಲರು, ಮೇಷ್ಟ್ರುಗಳು. "ತಾವು ಏನು ಮಾಡ್ಕೊಂಡಿದ್ದೀರಿ?" ಎಂದು ಯಾರೋ ಕೇಳಿದಾಗ "ಡಾಕ್ಟರು" ಎಂದ. ಅಂದಿನಿಂದ ಅವನಿಗೆ ಕಿಟಕಿ ಪಕ್ಕದ ಕುರ್ಚಿ, ಬೇಡವೆಂದರೂ ಮರ್ಯಾದೆ.

ಆರನೆಯ ದಿನ ಸಮುದ್ರ ಅಲ್ಲೋಲಕಲ್ಲೋಲವಾಯಿತು. ಅದೇ ಮೇಜಿನಲ್ಲಿ ಊಟಮಾಡುತ್ತಿದ್ದ ಅಜ್ಜಿ ಬಂದು ಅವನ ಕ್ಯಾಬಿನ್ ಬಾಗಿಲು ತಟ್ಟಿದಳು.

"ಡಾಕ್ಟ್ರೇ, ಮೊಮ್ಮಗಳ ಮೈ ಕೆಂಡದ ಹಾಗೆ ಸುಡ್ತಿದೆ. ಹಡಗಿನ ಡಾಕ್ಟ್ರು ಎಲ್ಲಿದ್ದಾರೋ ಗೊತ್ತಿಲ್ಲ. ಸ್ವಲ್ಪ ಬನ್ನಿ."

"ಅಮ್ಮಾ, ನಾನು ಡಾಕ್ಟರಲ್ಲ. ಬಟ್ಟೆ ಹೊಲಿಯೋನು," ಎಂದು ದರ್ಜಿ ತಲೆ ತಗ್ಗಿಸಿದ.

ಅಜ್ಜಿ ಬೈಯಲಿಲ್ಲ. ಗೋಡೆ ಹಿಡಿದುಕೊಂಡು ಹೊರಟುಹೋದಳು. ಅವನೇ ಹಡಗೆಲ್ಲ ಹುಡುಕಿ, ನಿಜವಾದ ಡಾಕ್ಟರನ್ನು ಕರೆತಂದ. ಸಂಜೆಗೆ ಮಗುವಿನ ಜ್ವರ ಇಳಿಯಿತು.

ಮರುದಿನ ಊಟಕ್ಕೆ ಅವನು ಅಳುಕುತ್ತಲೇ ಬಂದ. ಅಜ್ಜಿ ಬಡಿಸುವವನಿಗೆ, "ಡಾಕ್ಟ್ರಿಗೆ ಮೊದಲು ಹಾಕಪ್ಪ," ಎಂದಳು. ಅವನ ಮಾನ ಉಳಿಸಲೆಂದೇ ಆಡಿದ ಮಾತು ಅದು. ಕಪಾಳಕ್ಕೆ ಬಿಗಿದಿದ್ದರೂ ಅವನಿಗೆ ಅಷ್ಟು ಉರಿಯುತ್ತಿರಲಿಲ್ಲ. ಕೈಯಲ್ಲಿದ್ದ ತುತ್ತನ್ನು ತಟ್ಟೆಗಿಟ್ಟು, ಎದ್ದು ನಿಂತು ಎಲ್ಲರೆದುರು ನಿಜ ಹೇಳಿದ.

ವಕೀಲರು ಸುಮ್ಮನೆ ಕೆಮ್ಮಿದರು. ಮೇಷ್ಟ್ರು ತಟ್ಟೆ ನೋಡುತ್ತ ಕುಳಿತರು. ಉಳಿದ ನಾಲ್ಕು ದಿನ ಯಾರೂ ಅವನನ್ನು ಮಾತಾಡಿಸಲಿಲ್ಲ, ಅಜ್ಜಿಯೊಬ್ಬಳನ್ನು ಬಿಟ್ಟು. ಮಿಕ್ಕವರ ಮುಖವನ್ನು ಅವನು ಹೇಗೋ ನೋಡಿದ. ಅವಳ ಮುಖ ನೋಡುವುದು ಮಾತ್ರ ದಡ ಸೇರುವವರೆಗೂ ಆಗಲಿಲ್ಲ.